ಧ್ವನಿಮುದ್ರಿಕೆಯೂ ರಾಜಾಶ್ರಯವೂ: ಮೈಸೂರು ಅರಮನೆ ಮತ್ತು ಮೆಟ್ನರನ ಸಂಗೀತ

೧

ಸಂಗೀತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ವಾಗ್ಗೇಯಕಾರರ ಚರಿತ್ರೆ, ಗಾಯಕರ ಹಾಗೂ ವೈಣಿಕರ ಶಿಷ್ಯಪರಂಪರೆ, ಲಕ್ಷಣಗ್ರಂಥಗಳ ಕಾಲ ಇವುಗಳನ್ನೇ ಮುಖ್ಯ ವಿಷಯವಾಗಿ ಎತ್ತಿಕೊಳ್ಳುವುದು ರೂಢಿ. ಕೇಳುವವನು ಈ ಇತಿಹಾಸದಲ್ಲಿ ಕಾಣಿಸಿಕೊಳ್ಳುವುದು ಅಪೂರ್ವ. ಕಾಣಿಸಿಕೊಂಡರೂ ಸಭೆಯಲ್ಲಿ ಕುಳಿತು ತಲೆದೂಗುವ ಸಹೃದಯನಾಗಿ, ಇಲ್ಲವೆ ಖಿಲ್ಲತ್ತು ಕೊಟ್ಟು ಮನ್ನಿಸುವ ದೊರೆಯಾಗಿ ಮಾತ್ರ. ಹಾಡಿದವರಿದ್ದ ಮೇಲೆ ಕೇಳಿದವರೂ ಇದ್ದಿರಲೇಬೇಕು ಎಂಬಷ್ಟಕ್ಕೆ ಆ ವಿಚಾರ ಮುಗಿದುಹೋಗುತ್ತದೆ.

ಆದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕೇಳುವಿಕೆಯ ಸ್ವರೂಪವೇ ಮಾರ್ಪಟ್ಟಿತು. ಗ್ರಾಮಫೋನ್ ಬಂದ ಮೇಲೆ ಹಾಡುವವನೂ ಕೇಳುವವನೂ ಒಂದೇ ಕಾಲದಲ್ಲಿ ಒಂದೇ ಸ್ಥಳದಲ್ಲಿ ಇರಬೇಕಾದ ಅವಶ್ಯಕತೆ ಹೋಯಿತು. ಒಂದು ಊರಿನಲ್ಲಿ ಕುಳಿತವನು ತಾನು ಎಂದೂ ಕಾಣದ ದೇಶದ ಸಂಗೀತವನ್ನು ತನ್ನ ಕೋಣೆಯಲ್ಲಿ ಮತ್ತೆ ಮತ್ತೆ ಕೇಳಿ, ಅದರ ಗುಣದೋಷಗಳನ್ನು ತೂಗಿ, ತನಗೆ ಬೇಕಾದುದನ್ನು ಆರಿಸಿಕೊಳ್ಳುವುದು ಸಾಧ್ಯವಾಯಿತು. ಈ ಬದಲಾವಣೆಯಿಂದ ಕೇಳುಗನ ಅಧಿಕಾರ ಹೆಚ್ಚಿತೋ ಕುಗ್ಗಿತೋ, ಅವನು ಬರಿಯ ಗಿರಾಕಿಯಾದನೋ ಅಥವಾ ಸಂಗೀತದ ಭವಿಷ್ಯವನ್ನು ನಿರ್ಣಯಿಸುವವರಲ್ಲಿ ಒಬ್ಬನಾದನೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಸಾಮಾನ್ಯರೂಪದಲ್ಲಿ ಚರ್ಚಿಸುವುದಕ್ಕಿಂತ ಒಂದು ನಿದರ್ಶನವನ್ನು ಹಿಡಿದು ಪರಿಶೀಲಿಸುವುದು ಮೇಲು. ನಾವು ಇಲ್ಲಿ ಆರಿಸಿಕೊಂಡಿರುವ ನಿದರ್ಶನ ಮೈಸೂರಿನದು. ಶ್ರೀ ಜಯಚಾಮರಾಜೇಂದ್ರ ಒಡೆಯರವರು ಲಂಡನ್ನಿನಲ್ಲಿ ನೆಲಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ನೆರವಾದ ವೃತ್ತಾಂತವದು. ಪಾಶ್ಚಾತ್ಯ ಸಂಗೀತವನ್ನು ಬಲ್ಲವರಿಗೆ ಇದು ಪರಿಚಿತ. ಕರ್ನಾಟಕದ ಇತಿಹಾಸವನ್ನು ಓದುವವರ ಗಮನಕ್ಕೆ ಬಂದಿರುವುದು ಕಡಮೆ. ಇದನ್ನು ಒಬ್ಬ ದೊರೆಯ ಅಭಿರುಚಿಯ ಕಥೆಯಾಗಿ ಹೇಳುವುದು ನಮ್ಮ ಉದ್ದೇಶವಲ್ಲ. ಆಶ್ರಯವೆಂಬ ಹಳೆಯ ಸಂಸ್ಥೆಯು ಧ್ವನಿಮುದ್ರಿಕೆಯೆಂಬ ಹೊಸ ಸಾಧನವನ್ನು ಎದುರುಗೊಂಡಾಗ ಏನಾಯಿತು ಎಂಬುದನ್ನು ತಿಳಿಯುವುದೇ ನಮ್ಮ ಪ್ರಯತ್ನ.

೨

ಭಾರತದಲ್ಲಿ ಗ್ರಾಮಫೋನಿನ ಇತಿಹಾಸ ವಾಸ್ತವವಾಗಿ ೧೯೦೨ನೆಯ ಇಸವಿಯಿಂದ ಆರಂಭವಾಗುತ್ತದೆ. ಆ ವರ್ಷ ಗ್ರಾಮಫೋನ್ ಕಂಪೆನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಇಲ್ಲಿನ ಗಾಯಕ ಗಾಯಕಿಯರ ಹಾಡುಗಳನ್ನು ಮುದ್ರಿಸಿಕೊಂಡರು. ನವೆಂಬರ್ ತಿಂಗಳಲ್ಲಿ ಹಾಡಿದ ಗೌಹರ್ ಜಾನ್ ಅವರ ಹೆಸರು ಕೆಲವೇ ವರ್ಷಗಳಲ್ಲಿ ದೇಶದ ತುಂಬ ಹಬ್ಬಿತು. ಆಗ ಮುದ್ರಣವಾದ ಮೂಲ ತಟ್ಟೆಗಳನ್ನು ಜರ್ಮನಿಯ ಹ್ಯಾನೋವರ್ ನಗರಕ್ಕೆ ಕಳುಹಿಸಿ ಅಲ್ಲಿ ಪ್ರತಿಗಳನ್ನು ಒತ್ತಿಸಿ ತರಿಸಬೇಕಾಗಿತ್ತು. ಹಾಡು ಮುಗಿದೊಡನೆ ಗಾಯಕಿಯು ತನ್ನ ಹೆಸರನ್ನು ತಾನೇ ಕೂಗಿ ಹೇಳುವ ಪದ್ಧತಿ ಆ ಕಾಲದ ರೆಕಾರ್ಡುಗಳಲ್ಲಿ ಕೇಳಿಬರುವುದು ಇದೇ ಕಾರಣದಿಂದ; ಭಾಷೆ ತಿಳಿಯದ ದೂರದೇಶದ ಕೆಲಸಗಾರರಿಗೆ ತಟ್ಟೆ ಯಾರದೆಂದು ಗೊತ್ತಾಗಬೇಕಾಗಿತ್ತು. ೧೯೦೮ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಸ್ಥಾಪಿತವಾದ ಮೇಲೆ ಈ ತೊಡಕು ನಿವಾರಣೆಯಾಯಿತು.

ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ರೆಕಾರ್ಡು ಯೂರೋಪಿನಿಂದ ಬಂದ ವಸ್ತುವೆಂದು ನಾವು ತಿಳಿಯುತ್ತೇವೆ. ಆದರೆ ಮಿನಿಟಿಗೆ ಸುಮಾರು ಎಪ್ಪತ್ತೆಂಟು ಸುತ್ತು ತಿರುಗುತ್ತಿದ್ದ ಆ ಹಳೆಯ ತಟ್ಟೆಗಳ ಮುಖ್ಯ ದ್ರವ್ಯಗಳಲ್ಲೊಂದು ಅರಗು. ಅದು ಹೆಚ್ಚಾಗಿ ಹೋಗುತ್ತಿದ್ದುದು ಭಾರತದ ಕಾಡುಗಳಿಂದ. ಬಿಹಾರ ಮೊದಲಾದ ಪ್ರಾಂತಗಳಲ್ಲಿ ಮರದ ಕೊಂಬೆಗಳಿಂದ ಕೆರೆದು ತೆಗೆದ ಅರಗು ಹಡಗೇರಿ ಹೋಗಿ, ವಿಯೆನ್ನಾ ಲಂಡನ್ ನಗರಗಳ ವಾದ್ಯವೃಂದಗಳ ಧ್ವನಿಯನ್ನು ಹೊತ್ತುಕೊಂಡು ಹಿಂದಿರುಗಿ ಬರುತ್ತಿತ್ತು. ಈ ವ್ಯಾಪಾರದಲ್ಲಿ ನಮ್ಮ ದೇಶ ಮೊದಲಿನಿಂದಲೂ ಭಾಗಿಯಾಗಿತ್ತು.

ಮೈಸೂರಿನ ಅರಮನೆ ಸಂಗೀತಕ್ಕೆ ಆಶ್ರಯವಿತ್ತ ರೀತಿಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ವೀಣೆ ಶೇಷಣ್ಣನವರು, ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು ಮೊದಲಾದವರ ಹೆಸರುಗಳೇ ಸಾಕು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಕರ್ನಾಟಕ ಸಂಗೀತದ ಜೊತೆಗೆ ಹಿಂದೂಸ್ಥಾನೀ ಗಾಯಕರಿಗೂ ಪಾಶ್ಚಾತ್ಯ ವಾದ್ಯವೃಂದಕ್ಕೂ ಆಸ್ಥಾನದಲ್ಲಿ ಎಡೆಯಿತ್ತು. ಈ ಆಶ್ರಯದ ಲಕ್ಷಣವೆಂದರೆ ವಿದ್ವಾಂಸನು ದೊರೆಯ ಬಳಿಗೆ ಬರಬೇಕು. ಅವನು ಊರಲ್ಲಿ ಮನೆ ಮಾಡಬೇಕು, ದಸರೆಯಲ್ಲಿಯೂ ವರ್ಧಂತಿಯಲ್ಲಿಯೂ ಹಾಡಬೇಕು; ಅರಮನೆಯು ಅವನ ಸಂಬಳವನ್ನೂ ಮರ್ಯಾದೆಯನ್ನೂ ನೋಡಿಕೊಳ್ಳಬೇಕು. ಕೊಡುವವನೂ ಕೊಳ್ಳುವವನೂ ಮುಖಾಮುಖಿಯಾಗಿರುವುದೇ ಅದರ ಆಧಾರ.

ಗೌಹರ್ ಜಾನ್ ಅವರ ಬಾಳಿನ ಕೊನೆಯ ಭಾಗ ಈ ಮಾತಿಗೆ ಒಳ್ಳೆಯ ದೃಷ್ಟಾಂತ. ನೂರಾರು ತಟ್ಟೆಗಳಲ್ಲಿ ಹಾಡಿ, ಗ್ರಾಮಫೋನಿನ ಪ್ರಸಿದ್ಧಿಯನ್ನು ಭಾರತದಲ್ಲಿ ಎಲ್ಲರಿಗಿಂತ ಮೊದಲು ಅನುಭವಿಸಿದ ಆಕೆ ೧೯೨೮ರಲ್ಲಿ ಆಶ್ರಯವನ್ನು ಅರಸಿ ಬಂದದ್ದು ಮೈಸೂರಿಗೆ. ಅರಮನೆಯ ಸಂಗೀತಗಾರರಲ್ಲಿ ಒಬ್ಬರಾಗಿ ನೇಮಕಗೊಂಡು, ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಆಕೆಯ ಧ್ವನಿ ದೇಶದ ನಾನಾ ಕಡೆ ತಟ್ಟೆಗಳಲ್ಲಿ ತಿರುಗುತ್ತಿದ್ದರೂ ವೃದ್ಧಾಪ್ಯದಲ್ಲಿ ಆಕೆಗೆ ಬೇಕಾದ ಆಸರೆಯನ್ನು ಆ ತಟ್ಟೆಗಳು ಕೊಡಲಿಲ್ಲ. ಹಳೆಯ ರೀತಿಯ ರಾಜಾಶ್ರಯವೇ ಕೊಡಬೇಕಾಯಿತು. ಮುದ್ರಿಕೆಯು ಕೀರ್ತಿಯನ್ನು ಹರಡಬಲ್ಲುದು, ಆಶ್ರಯವನ್ನು ನೀಡಲಾರದು ಎಂದೇ ಅಂದು ತೋರುತ್ತಿದ್ದಿರಬೇಕು. ಇದಾಗಿ ಇಪ್ಪತ್ತು ವರ್ಷ ತುಂಬುವುದರೊಳಗೆ ಅದೇ ಅರಮನೆ ಮುದ್ರಿಕೆಯ ಮೂಲಕವೇ ಆಶ್ರಯವನ್ನು ನೀಡಿತೆಂಬುದು ಮುಂದಿನ ವಿಷಯ.

೩

ಅದಕ್ಕೆ ಮೊದಲು ಶಾಸ್ತ್ರೀಯ ಸಂಗೀತಕ್ಕೂ ರೆಕಾರ್ಡಿಗೂ ಇದ್ದ ಸಂಬಂಧವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಹಳೆಯ ತಟ್ಟೆಯ ಒಂದು ಬದಿ ಮೂರು ಮಿನಿಟು, ಹನ್ನೆರಡು ಅಂಗುಲದ ದೊಡ್ಡ ತಟ್ಟೆಯಾದರೆ ನಾಲ್ಕು ಮಿನಿಟಿಗೆ ಸ್ವಲ್ಪ ಮೇಲೆ ನಡೆಯುತ್ತಿತ್ತು. ನಮ್ಮ ಗಾಯಕರು ಈ ಮಿತಿಗೆ ಒಗ್ಗಿಕೊಂಡು ಆಲಾಪನೆಯನ್ನು ಕಿರಿದುಮಾಡಿ, ಚಿಕ್ಕ ಕೃತಿಗಳನ್ನೋ ಠುಮರಿಗಳನ್ನೋ ಆರಿಸಿಕೊಂಡರು. ಪಾಶ್ಚಾತ್ಯ ಸಂಗೀತದಲ್ಲಿ ಬರೆದಿಟ್ಟ ಕೃತಿಯನ್ನು ಹೀಗೆ ಕುಗ್ಗಿಸುವಂತಿರಲಿಲ್ಲ. ಅರ್ಧ ಗಂಟೆಯ ಕೃತಿಯನ್ನು ಎಂಟು ಹತ್ತು ಬದಿಗಳಿಗೆ ಹಂಚಿ, ಪ್ರತಿಯೊಂದು ಬದಿ ಮುಗಿದಾಗಲೂ ತಟ್ಟೆಯನ್ನು ತಿರುವಿ ಕೇಳಬೇಕಾಗಿತ್ತು. ಇಂಥ ಕೃತಿಗಳ ತಟ್ಟೆಗಳನ್ನು ಪುಸ್ತಕದಂತೆ ಹೊಲಿದ ಭಾರವಾದ ಸಂಪುಟಗಳಲ್ಲಿಟ್ಟು ಮಾರುತ್ತಿದ್ದರು. ಬೆಲೆಯೂ ಹೆಚ್ಚು. ಹೀಗಾಗಿ ಕಂಪೆನಿಗಳು ಜನಪ್ರಿಯವಾದುದನ್ನು ಬಿಟ್ಟು ಬೇರೆಯದಕ್ಕೆ ಕೈಹಾಕಲು ಹಿಂಜರಿಯುತ್ತಿದ್ದವು. ೧೯೨೫ರಲ್ಲಿ ವಿದ್ಯುತ್ತಿನ ನೆರವಿನಿಂದ ಮುದ್ರಿಸುವ ಕ್ರಮ ಬಂದು ಧ್ವನಿಯ ಗುಣ ಬಹಳ ಉತ್ತಮಗೊಂಡ ಮೇಲೂ ಈ ಹಿಂಜರಿಕೆ ಹೋಗಲಿಲ್ಲ.

ಇದಕ್ಕೆ ಪರಿಹಾರವನ್ನು ಕೇಳುಗರ ಕಡೆಯಿಂದಲೇ ಕಂಡುಕೊಳ್ಳಬೇಕಾಯಿತು. ೧೯೨೩ರಲ್ಲಿ ಇಂಗ್ಲೆಂಡಿನಲ್ಲಿ ‘ಗ್ರಾಮಫೋನ್’ ಪತ್ರಿಕೆಯನ್ನು ಆರಂಭಿಸಿದ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ, ಚಂದಾದಾರರ ಹಣದಿಂದ ಪೂರ್ಣಕೃತಿಗಳನ್ನು ಮುದ್ರಿಸುವ ಒಂದು ಸಂಘವನ್ನು ನಡೆಸಿದರು. ಅನಂತರ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಲೆಗ್ ಎಂಬ ತರುಣ ಇದೇ ಉಪಾಯವನ್ನು ವ್ಯವಸ್ಥಿತವಾಗಿ ಬೆಳೆಸಿದರು. ೧೯೩೧ರಲ್ಲಿ ಹ್ಯೂಗೋ ವುಲ್ಫ್ ಎಂಬ ಆಸ್ಟ್ರಿಯನ್ ಸಂಗೀತಕಾರನ ಗೀತಗಳಿಗಾಗಿ ಐನೂರು ಮಂದಿ ಮುಂಗಡ ಚಂದಾ ಕೊಟ್ಟರೆ ಮುದ್ರಿಸುವುದೆಂದು ಪ್ರಕಟಿಸಿದಾಗ ಅಷ್ಟು ಮಂದಿಯೂ ದೊರೆತರು. ಹೀಗೆಯೇ ಬೀಥೋವೆನನ ಮೂವತ್ತೆರಡು ಪಿಯಾನೋ ಸೊನಾಟಗಳೂ ೧೯೩೨ರಿಂದ ೧೯೩೫ರ ಅವಧಿಯಲ್ಲಿ ಆರ್ಟುರ್ ಷ್ನಾಬೆಲ್ ಅವರ ವಾದನದಲ್ಲಿ ಮೊದಲ ಬಾರಿಗೆ ಸಮಗ್ರವಾಗಿ ಮುದ್ರಿತವಾದವು.

ಈ ಸಂಘಗಳ ಮಹತ್ವ ಅವುಗಳ ಚಂದಾದಾರರ ಸಂಖ್ಯೆಯಲ್ಲಿಲ್ಲ. ಐನೂರು ಮಂದಿ ಯಾವ ದೊಡ್ಡ ಸಭಾಂಗಣವನ್ನೂ ತುಂಬಿಸಲಾರರು. ಅವರು ಒಂದೇ ಊರಿನವರೂ ಅಲ್ಲ, ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ಆದರೂ ಯಾವುದು ಉಳಿಯಬೇಕೆಂಬುದನ್ನು ಅವರು ತೀರ್ಮಾನಿಸಿದರು. ಆಶ್ರಯವು ಹೀಗೆ ಚೂರುಚೂರಾಗಿ ಹಂಚಿಹೋಗಿ, ಅಂಚೆಯ ಮೂಲಕ ನಡೆಯುವ ವ್ಯವಹಾರವಾಯಿತು.

೪

ಜಯಚಾಮರಾಜೇಂದ್ರ ಒಡೆಯರವರು ಜನಿಸಿದ್ದು ೧೯೧೯ರಲ್ಲಿ. ೧೯೩೮ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದು, ೧೯೩೯ರಲ್ಲಿ ಯೂರೋಪಿನ ಪ್ರವಾಸ ಮಾಡಿದರು. ೧೯೪೦ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರವರೂ, ಕೆಲವೇ ತಿಂಗಳುಗಳ ಅಂತರದಲ್ಲಿ ದೊಡ್ಡಪ್ಪಂದಿರಾದ ನಾಲ್ವಡಿಯವರೂ ಕಾಲವಾದುದರಿಂದ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಿಂಹಾಸನವನ್ನೇರಬೇಕಾಯಿತು. ಪಿಯಾನೋ ವಾದನದಲ್ಲಿ ಅವರಿಗಿದ್ದ ಪರಿಶ್ರಮ ಸಾಮಾನ್ಯವಾದುದಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಸ್ಥಾನವೂ ಅವರಿಗೆ ೧೯೪೫ರಲ್ಲಿ ದೊರೆತವು.

ಸಿಂಹಾಸನವೇರಿದವನು ಲಂಡನ್ ವಿಯೆನ್ನಾಗಳ ಸಭಾಂಗಣಗಳಲ್ಲಿ ಕುಳಿತು ಕೇಳುವಂತಿಲ್ಲ. ಅದರಲ್ಲಿಯೂ ಯುದ್ಧಕಾಲದಲ್ಲಿ ಅದು ಅಸಾಧ್ಯವೇ ಆಗಿತ್ತು. ಆದ್ದರಿಂದ ಅವರ ಸಂಗೀತಾಭ್ಯಾಸಕ್ಕೆ ಮುಖ್ಯ ಸಾಧನವಾದುದು ರೆಕಾರ್ಡು. ಅವರ ಸಂಗ್ರಹದಲ್ಲಿ ಸುಮಾರು ಇಪ್ಪತ್ತು ಸಾವಿರ ತಟ್ಟೆಗಳಿದ್ದವೆಂದು ಆ ಕಾಲದಲ್ಲಿ ಅಂದಾಜು ಮಾಡಲಾಗಿತ್ತು. ಮುಂದೆ ಮೈಸೂರಿಗೆ ಬಂದ ವಾಲ್ಟರ್ ಲೆಗ್, ಗಂಭೀರ ಸಂಗೀತದಲ್ಲಿ ಊಹಿಸಬಹುದಾದ ಮುದ್ರಿಕೆಗಳೆಲ್ಲ ಅಲ್ಲಿದ್ದುದನ್ನು ಕಂಡು ಬೆರಗಾದುದನ್ನು ಬರೆದಿಟ್ಟಿದ್ದಾರೆ.

ಇಂಥ ಸಂಗ್ರಹವುಳ್ಳವನಿಗೆ ಸಾಮಾನ್ಯ ಶ್ರೋತೃವಿಗೆ ತಿಳಿಯದ ಒಂದು ಸಂಗತಿ ತಿಳಿಯುತ್ತದೆ. ಸಭೆಗೆ ಹೋಗಿ ಕೇಳುವವನಿಗೆ ಅಂದು ನುಡಿಸಿದ್ದಷ್ಟೇ ಗೊತ್ತು. ಎಲ್ಲ ಮುದ್ರಿಕೆಗಳನ್ನೂ ತರಿಸಿಟ್ಟುಕೊಂಡವನಿಗಾದರೋ ಯಾವುದು ಮುದ್ರಿತವಾಗಿಲ್ಲ ಎಂಬುದೂ ಗೊತ್ತಾಗುತ್ತದೆ. ಪುಸ್ತಕ ಭಂಡಾರದ ಕಪಾಟುಗಳನ್ನು ಬಲ್ಲ ಓದುಗನಿಗೆ ಇಲ್ಲದ ಪುಸ್ತಕದ ಜಾಗ ಕಣ್ಣಿಗೆ ಬೀಳುವಂತೆಯೇ ಇದು. ಬೀಥೋವೆನನ ಒಂದೇ ಸಿಂಫೊನಿಗೆ ಹಲವು ಮುದ್ರಿಕೆಗಳಿದ್ದಾಗ ಮೆಟ್ನರನ ಕೃತಿಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ರೆಕಾರ್ಡಿನಲ್ಲಿದ್ದವು. ಮೆಟ್ನರನನ್ನು ಮಹಾರಾಜರು ಆರಿಸಿಕೊಂಡುದಕ್ಕೆ ಅವರ ಅಭಿರುಚಿಯ ಜೊತೆಗೆ ಸಂಗ್ರಾಹಕನಿಗೆ ಸಹಜವಾದ ಈ ದೃಷ್ಟಿಯೂ ಕಾರಣವಾಗಿರಬೇಕೆಂದು ನಮ್ಮ ಊಹೆ.

ಮೆಟ್ನರನು ೧೮೮೦ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದವನು. ಅಲ್ಲಿನ ಸಂಗೀತಶಾಲೆಯಲ್ಲಿ ಸಫೋನೋಫ್ ಎಂಬ ಗುರುವಿನ ಬಳಿ ಕಲಿತು ೧೯೦೦ರಲ್ಲಿ ತೇರ್ಗಡೆಯಾದನು. ರಾಖ್ಮಾನಿನೋಫ್ ಮತ್ತು ಸ್ಕ್ರಿಯಾಬಿನ್ ಇವನ ಹಿರಿಯ ಸಮಕಾಲೀನರು. ರಾಖ್ಮಾನಿನೋಫನು ತನ್ನ ನಾಲ್ಕನೆಯ ಪಿಯಾನೋ ಕಾಂಚೆರ್ಟೊವನ್ನು ಮೆಟ್ನರನಿಗೂ, ಮೆಟ್ನರನು ತನ್ನ ಎರಡನೆಯದನ್ನು ರಾಖ್ಮಾನಿನೋಫನಿಗೂ ಅರ್ಪಿಸಿದ್ದರಿಂದ ಅವರ ಪರಸ್ಪರ ಗೌರವ ವ್ಯಕ್ತವಾಗುತ್ತದೆ. ಮೂರು ಕಾಂಚೆರ್ಟೊಗಳು, ಹದಿನಾಲ್ಕು ಪಿಯಾನೋ ಸೊನಾಟಗಳು, ‘ಸ್ಕಾಜ್ಕಿ’ ಅಂದರೆ ಕಥೆಗಳು ಎಂದು ಅವನೇ ಹೆಸರಿಟ್ಟ ಚಿಕ್ಕ ಪಿಯಾನೋ ರಚನೆಗಳು, ನೂರಕ್ಕೂ ಮೇಲ್ಪಟ್ಟ ಗೀತಗಳು ಅವನ ಕೃತಿರಾಶಿ.

೧೯೨೧ರಲ್ಲಿ ರಷ್ಯವನ್ನು ಬಿಟ್ಟ ಮೆಟ್ನರನು ಜರ್ಮನಿ ಫ್ರಾನ್ಸುಗಳಲ್ಲಿದ್ದು, ೧೯೩೦ರ ದಶಕದ ನಡುವಿನಲ್ಲಿ ಲಂಡನ್ನಿಗೆ ಬಂದು ನೆಲಸಿದನು. ಹೊಸ ಸಂಗೀತದ ಹಾದಿ ಅವನಿಗೆ ಸಮ್ಮತವಾಗಲಿಲ್ಲ. ೧೯೩೫ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಂಗೀತಕ್ಕೆ ಶಾಶ್ವತವಾದ ನಿಯಮಗಳುಂಟೆಂದೂ ಕಾಲದ ಷೋಕಿಗೆ ಅವುಗಳನ್ನು ಬಲಿಗೊಡಬಾರದೆಂದೂ ವಾದಿಸಿದನು. ಇದರ ಫಲವಾಗಿ ಅವನು ಕಾಲ ಮೀರಿದವನೆಂದು ಎಣಿಸಲ್ಪಟ್ಟನು. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು, ಹೃದ್ರೋಗವೂ ಕಾಣಿಸಿಕೊಂಡಿತು. ವಿದೇಶದಲ್ಲಿ ಬಡತನದಿಂದಲೂ ರೋಗದಿಂದಲೂ ಬಳಲುತ್ತಿದ್ದ ಈ ಮುದುಕನ ವಾದನವು ಅವನೊಡನೆಯೇ ಮುಗಿದುಹೋಗುವ ಸಂಭವ ಬಹುಮಟ್ಟಿಗೆ ನಿಶ್ಚಿತವಾಗಿತ್ತು.

೫

ಯುದ್ಧ ಮುಗಿದ ಮೇಲೆ ಮಹಾರಾಜರ ಹಣದಿಂದ ಮೆಟ್ನರ್ ಸಂಘವು ರೂಪುಗೊಂಡಿತು. ಚಂದಾದಾರರನ್ನು ಕೂಡಿಸಿ ಮುದ್ರಿಸುವ ಹಳೆಯ ಸಂಘಗಳ ಮಾದರಿಯೇ ಇದಕ್ಕೂ ಮಾದರಿ; ವ್ಯತ್ಯಾಸವೆಂದರೆ ಐನೂರು ಮಂದಿಯ ಸ್ಥಾನದಲ್ಲಿ ಇಲ್ಲಿ ಹೊಣೆ ಹೊತ್ತವರು ಒಬ್ಬರೇ. ೧೯೪೭ರಲ್ಲಿ ಮೆಟ್ನರನು ತನ್ನ ಮೂರು ಕಾಂಚೆರ್ಟೊಗಳನ್ನೂ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ನುಡಿಸಿದನು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸಾಯ್ ಡೊಬ್ರೋವೆನ್ ವೃಂದನಿರ್ದೇಶಕರಾಗಿದ್ದರು. ಮುಂದಿನ ವರ್ಷಗಳಲ್ಲಿ ಸೊನಾಟಗಳು, ಕಥೆಗಳು, ಗೀತಗಳು ಮುದ್ರಿತವಾದವು. ಗೀತಗಳನ್ನು ಓಡಾ ಸ್ಲೊಬೋಡ್ಸ್ಕಾಯ, ಎಲಿಸಬೆತ್ ಷ್ವಾರ್ಟ್ಸ್‌ಕೋಫ್ ಮೊದಲಾದವರು ಹಾಡಿದಾಗ ಪಿಯಾನೋದ ಬಳಿ ಕುಳಿತವನು ಸ್ವತಃ ಮೆಟ್ನರನೇ. ಬಾಳಿನ ಬಹುಭಾಗ ಕೈಯಲ್ಲಿಟ್ಟುಕೊಂಡು ಕಡೆಗಾಲದಲ್ಲಿ ಮುಗಿಸಿದ ಪಿಯಾನೋ ಪಂಚಕವನ್ನೂ ಅವನು ೧೯೪೯ರಲ್ಲಿ ನುಡಿಸಿದನು. ೧೯೫೧ರ ನವೆಂಬರ್ ತಿಂಗಳಲ್ಲಿ ಲಂಡನ್ನಿನಲ್ಲಿ ಮರಣ ಹೊಂದಿದನು. ಸಂಘವು ನಾಲ್ಕೈದು ವರ್ಷ ತಡವಾಗಿ ಹುಟ್ಟಿದ್ದರೆ ಈ ಯಾವುದೂ ನಮಗೆ ಉಳಿಯುತ್ತಿರಲಿಲ್ಲ.

ಮೂರನೆಯ ಕಾಂಚೆರ್ಟೊ ೧೯೪೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲು ಪ್ರದರ್ಶಿತವಾದ ಕೃತಿ. ಅದನ್ನು ಅವನು ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಈ ಕೃತಿಯ ಮೂರು ಭಾಗಗಳು ನಡುವೆ ನಿಲುಗಡೆಯಿಲ್ಲದೆ ಒಂದರಿಂದ ಒಂದಕ್ಕೆ ಹರಿಯಬೇಕೆಂಬುದು ಅದರ ರಚನೆಯ ಕ್ರಮ. ಆದರೆ ತಟ್ಟೆಯಲ್ಲಿ ಅದನ್ನು ನಾಲ್ಕು ನಾಲ್ಕು ಮಿನಿಟಿಗೊಮ್ಮೆ ಕಡಿದು ಜೋಡಿಸಬೇಕಾಯಿತು. ಮೈಸೂರಿನಲ್ಲಿ ಅದನ್ನು ಕೇಳಿದವರಿಗೆ ಆ ಅಖಂಡತೆ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕಾದ ವಸ್ತುವಾಗಿತ್ತು. ಮುದ್ರಿಕೆಯನ್ನು ಕೇಳುವುದು ನಿಷ್ಕ್ರಿಯವಾದ ಸುಖವೆಂಬ ಆಕ್ಷೇಪವುಂಟು; ಆ ಕಾಲದ ಕೇಳುಗನ ಮಟ್ಟಿಗಂತೂ ಅದು ಸಲ್ಲದು.

೧೯೪೮ರಲ್ಲಿ ಮಹಾರಾಜರು ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಆ ವಾದ್ಯವೃಂದವನ್ನು ೧೯೪೫ರಲ್ಲಿ ಕಟ್ಟಿದವರು ವಾಲ್ಟರ್ ಲೆಗ್. ೧೯೪೯ರಲ್ಲಿ ಅವರು ಮೈಸೂರಿಗೆ ಬಂದು, ಮಹಾರಾಜರಿಂದ ವರ್ಷಕ್ಕೆ ಹತ್ತು ಸಾವಿರ ಪೌಂಡುಗಳಂತೆ ಮೂರು ವರ್ಷಗಳ ನೆರವಿನ ಭರವಸೆಯನ್ನು ಪಡೆದು ಹಿಂದಿರುಗಿದರು. ವೃಂದದ ಸಂಗೀತಸಭೆಗಳ ಜೊತೆಗೆ, ಕಂಪೆನಿಗಳು ತಾವಾಗಿ ಕೈಹಾಕದಿದ್ದ ಕೃತಿಗಳ ಮುದ್ರಣವೂ ಈ ಏರ್ಪಾಡಿಗೆ ಸೇರಿತ್ತು. ಅದೇ ವರ್ಷ ಹೆರ್ಬರ್ಟ್ ಫಾನ್ ಕರಾಯಾನ್ ನಿರ್ದೇಶನದಲ್ಲಿ ಮುದ್ರಿತವಾದ ಬಲಾಕಿರೆಫನ ಮೊದಲನೆಯ ಸಿಂಫೊನಿ ಮತ್ತು ರೂಸೆಲನ ನಾಲ್ಕನೆಯ ಸಿಂಫೊನಿ ಇದರ ಫಲಗಳು. ಕರಾಯಾನ್ ಮುಂದೆ ಜಗದ್ವಿಖ್ಯಾತರಾದರು; ಯುದ್ಧಾನಂತರದ ಅವರ ಏಳಿಗೆಯ ಮೊದಲ ಮೆಟ್ಟಿಲುಗಳಲ್ಲಿ ಮೈಸೂರಿನ ಹಣವೂ ಸೇರಿತ್ತು.

ಇವೆಲ್ಲಕ್ಕಿಂತ ಗಮನಾರ್ಹವಾದ ಘಟನೆ ನಡೆದುದು ೧೯೫೦ರ ಮೇ ೨೨ರಂದು. ರಿಚರ್ಡ್ ಸ್ಟ್ರಾಸ್ ೧೯೪೮ರಲ್ಲಿ ರಚಿಸಿದ ಕಡೆಯ ನಾಲ್ಕು ಗೀತಗಳು ಅಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದನು. ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ವೃಂದ ಫಿಲ್‌ಹಾರ್ಮೋನಿಯ, ನಿರ್ದೇಶಕರು ಫುರ್ಟ್‌ವೆಂಗ್ಲರ್. ಈ ಪ್ರದರ್ಶನಕ್ಕಾಗಿ ೪,೮೦೦ ಡಾಲರುಗಳ ಖಾತರಿಯನ್ನು ಕೊಟ್ಟವರು ಮೈಸೂರಿನ ಮಹಾರಾಜರು. ಅವರು ಆ ಸಭೆಯಲ್ಲಿರಲಿಲ್ಲ. ಪ್ರದರ್ಶನವನ್ನು ತಟ್ಟೆಗಳಲ್ಲಿ ಮುದ್ರಿಸಿ ಮೈಸೂರಿಗೆ ಕಳುಹಿಸಿಕೊಡಬೇಕೆಂಬುದೇ ಏರ್ಪಾಡು. ಅಂದಿನ ಮುದ್ರಣದ ಧ್ವನಿ ಬಹಳ ಸವೆದು ಮಸುಕಾಗಿದ್ದರೂ ಇಂದಿಗೂ ಉಳಿದು ಬಂದಿದೆ.

ಈ ಏರ್ಪಾಡಿನ ಒಳಗನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಳೆಯ ಆಶ್ರಯದಲ್ಲಿ ದೊರೆಯು ತನ್ನ ಸಭೆಯಲ್ಲಿ ಕುಳಿತು ಕೇಳುತ್ತಿದ್ದನು. ಅವನ ಕೃಪೆಯಿಂದ ಇತರರೂ ಕೇಳುತ್ತಿದ್ದರು. ಇಲ್ಲಿ ಸಾವಿರಾರು ಮಂದಿ ಲಂಡನ್ನಿನ ನಾಗರಿಕರು ಮೊದಲು ಕೇಳಿದರು. ಹಣ ಕೊಟ್ಟ ದೊರೆ ಹಡಗಿನಲ್ಲೋ ವಿಮಾನದಲ್ಲೋ ತಟ್ಟೆ ಬಂದು ಸೇರಿದ ಮೇಲೆ ಕೇಳಿದರು. ಆಶ್ರಯದಾತನು ಶ್ರೋತೃಗಳಲ್ಲಿ ಕೊನೆಯವನಾದನು. ಮೆಟ್ನರನೂ ಎಂದೂ ಮೈಸೂರಿಗೆ ಬಂದವನಲ್ಲ. ಗೌಹರ್ ಜಾನ್ ಬಂದ ಅರಮನೆಗೂ ಮೆಟ್ನರನಿಗೆ ನೆರವಾದ ಅರಮನೆಗೂ ನಡುವೆ ಇಪ್ಪತ್ತು ವರ್ಷಗಳಷ್ಟೇ ಅಂತರ. ಅಷ್ಟರಲ್ಲಿ ಆಶ್ರಯದ ವಿಧಾನವೇ ತಲೆಕೆಳಗಾಗಿತ್ತು.

೬

ಈ ವೃತ್ತಾಂತದ ವಿಷಯದಲ್ಲಿ ಎರಡು ಆಕ್ಷೇಪಗಳು ಸಹಜವಾಗಿ ಏಳುತ್ತವೆ. ನಮ್ಮ ನಾಡಿನ ದೊರೆ ನಮ್ಮ ಸಂಗೀತವನ್ನು ಬಿಟ್ಟು ಹೊರಗಿನದಕ್ಕೆ ಒಲಿದರೆಂಬುದು ಮೊದಲನೆಯದು. ವಸ್ತುಸ್ಥಿತಿ ಇದಕ್ಕೆ ಅನುಗುಣವಾಗಿಲ್ಲ. ಮೆಟ್ನರ್ ಸಂಘದ ಕಾಲದ ಆಸುಪಾಸಿನಲ್ಲಿಯೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ ಸಂಸ್ಕೃತಕೃತಿಗಳನ್ನು ರಚಿಸಿದರು. ತೊಂಬತ್ತನಾಲ್ಕು ಕೃತಿಗಳು ಅವರ ಹೆಸರಿನಲ್ಲಿವೆ. ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಅವರ ಕರ್ನಾಟಕ ಸಂಗೀತದ ಅಭ್ಯಾಸ ನಡೆದಿತ್ತು. ಒಂದು ಪದ್ಧತಿಯ ಜ್ಞಾನ ಇನ್ನೊಂದಕ್ಕೆ ಅಡ್ಡಿಯಾಗುವುದೆಂಬ ಭಾವನೆಗೆ ಅವರ ಜೀವನದಲ್ಲಿ ಆಧಾರ ದೊರೆಯುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದುದು. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಮೆಟ್ನರನ ಕಾಂಚೆರ್ಟೊಗಳು ಲಂಡನ್ನಿನಲ್ಲಿ ಮುದ್ರಿತವಾದ ೧೯೪೭ನೆಯ ಇಸವಿಯೇ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದ ವರ್ಷ. ಸೆಪ್ಟೆಂಬರಿನಲ್ಲಿ ಆರಂಭವಾದ ಆ ಸತ್ಯಾಗ್ರಹದಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದರು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಪ್ರಜೆಗಳು ರಾಜ್ಯದ ಹಣದ ಲೆಕ್ಕವನ್ನು ಕೇಳುವ ಹಕ್ಕಿಗಾಗಿ ಹೋರಾಡುತ್ತಿದ್ದಾಗ ದೂರದೇಶದ ಒಬ್ಬ ಸಂಗೀತಕಾರನಿಗೆ ಸಂದ ಹಣವನ್ನು ಇಂದಿನ ಓದುಗ ಪ್ರಶ್ನಿಸಿದರೆ ತಪ್ಪಲ್ಲ. ಮುದ್ರಿಕೆಗಳ ಸೊಬಗು ಈ ಪ್ರಶ್ನೆಗೆ ಉತ್ತರವಾಗದು. ರಾಜಾಶ್ರಯದಿಂದ ಉಳಿದುಬಂದ ಕಲೆಗಳೆಲ್ಲದರ ಮೇಲೂ, ಬೇಲೂರು ಹಳೇಬೀಡುಗಳನ್ನೂ ಕೂಡಿಕೊಂಡು, ಇದೇ ಪ್ರಶ್ನೆಯ ನೆರಳಿದೆ. ಕಲೆಯ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಕೇಳುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ. ಆ ಕಾರಣದಿಂದ ಕಲೆಯನ್ನು ಕೇಳದೆ ಬಿಡುವುದು ಅವನ ಕರ್ತವ್ಯವಲ್ಲ.

ಇಷ್ಟಾಗಿ ಈ ಆಶ್ರಯ ಬಹುಕಾಲ ನಡೆಯಲಿಲ್ಲ. ೧೯೫೦ರ ಜನವರಿಯಲ್ಲಿ ಗಣರಾಜ್ಯ ಸ್ಥಾಪಿತವಾಗಿ ಮಹಾರಾಜರು ರಾಜಪ್ರಮುಖರಾದರು. ೧೯೫೬ರಲ್ಲಿ ರಾಜ್ಯದ ಪುನರ್ವಿಂಗಡಣೆಯಾದ ಮೇಲೆ ರಾಜ್ಯಪಾಲರಾದರು. ಲಂಡನ್ನಿನ ನೆರವು ೧೯೫೦ರ ದಶಕದ ಆರಂಭದಲ್ಲಿಯೇ ನಿಂತಿತು. ೧೯೭೧ರಲ್ಲಿ ರಾಜಧನವೂ ರದ್ದಾಯಿತು. ೧೯೭೪ರಲ್ಲಿ ಮಹಾರಾಜರು ಕಾಲವಾದರು. ಮೆಟ್ನರ್ ಸಂಘದ ಸಂಪುಟಗಳಿಗೆ ಒದಗಿದ ದುರ್ದೈವ ಬೇರೆಯ ಬಗೆಯದು. ೧೯೪೮ರಲ್ಲಿ ಅಮೆರಿಕದಲ್ಲಿ ದೀರ್ಘಾವಧಿಯ ಎಲ್.ಪಿ. ತಟ್ಟೆ ಬಂದಿತು, ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿಗೂ ಹಬ್ಬಿತು. ಅರಗಿನ ತಟ್ಟೆಗಳ ಯುಗ ಮುಗಿಯುತ್ತ ಬಂದಾಗ ಹೊರಬಂದ ಭಾರವಾದ ಈ ಸಂಪುಟಗಳು ಸಂಗ್ರಾಹಕರ ಕಪಾಟು ಸೇರಿದವು. ಉಳಿಸುವುದಕ್ಕಾಗಿ ಮಾಡಿದ ಕೆಲಸವೇ ಮರೆವಿಗೆ ಸಂದಂತಾಯಿತು.

ಆದರೆ ಮುದ್ರಿಕೆಯ ಗುಣವೊಂದುಂ‍ಟು. ಕಚೇರಿಯನ್ನು ಮರೆತರೆ ಅದು ಹೋದಂತೆಯೇ. ಮುದ್ರಿಕೆಯನ್ನು ಮರೆತರೂ ಅದು ಕಾಯುತ್ತದೆ. ೧೯೯೦ರ ದಶಕದಲ್ಲಿ ಟೆಸ್ಟಮೆಂಟ್ ಎಂಬ ಸಂಸ್ಥೆಯು ಮೆಟ್ನರನ ಆ ಹಳೆಯ ಮುದ್ರಿಕೆಗಳನ್ನು ಅಡಕಮುದ್ರಿಕೆಗಳಲ್ಲಿ, ಅಂದರೆ ಸಿ.ಡಿ.ಗಳಲ್ಲಿ, ಮತ್ತೆ ಹೊರತಂದಿತು. ಅದೇ ದಶಕದಲ್ಲಿ ನಿಕೊಲಾಯ್ ಡೆಮಿಡೆಂಕೊ, ಜೆಫ್ರಿ ಟೋಜರ್, ಮಾರ್ಕ್ ಆಂದ್ರೆ ಆಮ್ಲಾಂ ಮೊದಲಾದ ಪಿಯಾನೋ ವಾದಕರು ಅವನ ಕಾಂಚೆರ್ಟೊಗಳನ್ನೂ ಸೊನಾಟಗಳನ್ನೂ ಎತ್ತಿಕೊಂಡು ಮುದ್ರಿಸಿದರು. ಇಂದು ಮೆಟ್ನರನನ್ನು ಕಲಿಯುವವರಿಗೆ, ರಚಿಸಿದವನು ತಾನೇ ಹೇಗೆ ನುಡಿಸಿದನೆಂಬ ಪ್ರಮಾಣ ಕೈಯಲ್ಲಿದೆ. ಅವನ ಲಯದ ಬಿಗಿ, ಹಲವು ಧಾರೆಗಳು ಒಟ್ಟಿಗೆ ಹರಿಯುವಾಗಲೂ ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳಿಸುವ ಸ್ಪಷ್ಟತೆ, ಭಾವಾತಿರೇಕಕ್ಕೆ ಎಡೆಗೊಡದ ಸಂಯಮ ಇವು ಬರೆದ ಸ್ವರಲಿಪಿಯಿಂದ ಪೂರ್ಣವಾಗಿ ತಿಳಿಯತಕ್ಕವಲ್ಲ.

೭

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆಂದು ನಮ್ಮ ಅಭಿಪ್ರಾಯ. ಒಂದನೆಯದಾಗಿ, ಧ್ವನಿಮುದ್ರಿಕೆಯು ಕೇಳುಗನನ್ನು ಬರಿಯ ಗಿರಾಕಿಯನ್ನಾಗಿ ಮಾಡಿತೆಂಬ ಮಾತು ಅರ್ಧಸತ್ಯ. ಆಳವಾಗಿಯೂ ವ್ಯಾಪಕವಾಗಿಯೂ ಕೇಳಿದವನಿಗೆ ಇಲ್ಲದುದರ ಅರಿವಾಗುತ್ತದೆ. ಆ ಅರಿವಿನಿಂದಲೇ ಅವನು ಸಂಗೀತದ ಇತಿಹಾಸದಲ್ಲಿ ಪಾತ್ರಧಾರಿಯಾಗುತ್ತಾನೆ. ವುಲ್ಫನ ಗೀತಗಳಿಗೆ ಚಂದಾ ಕೊಟ್ಟ ಐನೂರು ಮಂದಿಯೂ ಮೈಸೂರಿನ ಮಹಾರಾಜರೂ ಸಂಪತ್ತಿನಲ್ಲಿ ಅಜಗಜಾಂತರವುಳ್ಳವರಾದರೂ ಮಾಡಿದ ಕೆಲಸ ಒಂದೇ. ಇನ್ನೊಬ್ಬ ದೊರೆ ಬರುವವರೆಗೆ ಕಾಯಬೇಕಾಗಿಲ್ಲ ಎಂಬ ಪಾಠವೂ ಇದರಲ್ಲಿದೆ.

ಎರಡನೆಯದಾಗಿ, ಮುದ್ರಿಕೆಗಳು ಶಾಸನಗಳಂತೆ, ಕಡತಗಳಂತೆ ಇತಿಹಾಸದ ಆಕರಗಳು. ಅವುಗಳನ್ನು ಅದೇ ಎಚ್ಚರದಿಂದ ಪರಿಶೀಲಿಸಬೇಕು. ಮೂರು ಮಿನಿಟಿನ ರಾಗವನ್ನು ಕೇಳಿ ಅಂದಿನ ಗಾಯಕರು ಅಷ್ಟೇ ಹಾಡುತ್ತಿದ್ದರೆಂದು ತೀರ್ಮಾನಿಸುವುದು, ತ್ರುಟಿತವಾದ ಶಾಸನದ ಪಂಕ್ತಿಯನ್ನು ಪೂರ್ಣಪಾಠವೆಂದು ತಿಳಿದಂತೆ. ತಟ್ಟೆಯ ಮಿತಿ ಯಾವುದು, ಹಣ ಕೊಟ್ಟವರು ಯಾರು, ಯಾವುದನ್ನು ಮುದ್ರಿಸದೆ ಬಿಟ್ಟರು ಎಂಬುದನ್ನು ವಿಚಾರಿಸಿದ ಮೇಲೆಯೇ ಮುದ್ರಿಕೆ ತನ್ನ ಸಾಕ್ಷ್ಯವನ್ನು ಪೂರ್ತಿಯಾಗಿ ನುಡಿಯುತ್ತದೆ. ಕರ್ನಾಟಕದ ವಿದ್ವಾಂಸರ ಹಳೆಯ ತಟ್ಟೆಗಳು ಇನ್ನೂ ಅನೇಕ ಮನೆಗಳ ಅಟ್ಟಗಳಲ್ಲಿ ಬಿದ್ದಿವೆ. ಅರಗು ಬಿರುಸಾದ ವಸ್ತು, ಕೈಜಾರಿದರೆ ಒಡೆಯುತ್ತದೆ. ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಂತಮ್ಮ ಊರುಗಳಲ್ಲಿ ಇಂಥ ತಟ್ಟೆಗಳನ್ನು ಹುಡುಕಿ, ಅವುಗಳ ಮೇಲಿನ ಚೀಟಿಗಳನ್ನು ಓದಿ, ಹಾಡಿದವರ ಹೆಸರು, ರಾಗ, ತಟ್ಟೆಯ ಸಂಖ್ಯೆ ಇವಿಷ್ಟನ್ನು ಪಟ್ಟಿ ಮಾಡಿದರೂ ಅದು ಉಪಯುಕ್ತವಾದ ಆರಂಭವಾಗುತ್ತದೆ.